ಬಂದವರ ಲೆಕ್ಕ: ಬಂಡೆಯ ಬರಹದಿಂದ ಜಾಲತಾಣದವರೆಗೆ

ವ್ಯಾಪಾರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಸರಕಿನ ಇತಿಹಾಸವನ್ನೇ ಬರೆಯುತ್ತಾರೆ. ಯಾವ ಊರಿನಿಂದ ಯಾವ ಊರಿಗೆ ಎಷ್ಟು ಹೇರು ಅಡಿಕೆ ಹೋಯಿತು, ಎಷ್ಟು ಹತ್ತಿ ಬಂದಿತು, ಅದರ ಮೇಲಿನ ಸುಂಕವೆಷ್ಟು ಎಂಬುದಕ್ಕೆ ಶಾಸನಗಳಲ್ಲಿಯೂ ಪ್ರವಾಸಿಗಳ ಬರಹಗಳಲ್ಲಿಯೂ ಆಧಾರಗಳು ದೊರೆಯುತ್ತವೆ. ಆದರೆ ಅಂಗಡಿಯ ಬಾಗಿಲಿಗೆ ಬಂದು ನಿಂತವರು ಯಾರು, ಬೆಲೆಯನ್ನು ಕೇಳಿ ಕೊಳ್ಳದೆ ಹಿಂದಿರುಗಿದವರು ಯಾರು ಎಂಬ ಪ್ರಶ್ನೆಗೆ ಇತಿಹಾಸವು ಬಹುತೇಕ ಮೌನವಾಗಿದೆ. ಈ ಮೌನವು ಕಳೆದ ಮೂವತ್ತು ವರ್ಷಗಳಲ್ಲಿ ಮುರಿದುಬಿದ್ದಿದೆ. ಇಂದು ಸಣ್ಣದೊಂದು ಅಂಗಡಿಯೂ ತನ್ನದೇ ಆದ ಜಾಲತಾಣವನ್ನು ಹೊಂದಿರಬಹುದು. ಆ ತಾಣಕ್ಕೆ ಬಂದವರ, ನೋಡಿದವರ, ನೋಡಿ ಹೊರಟುಹೋದವರ ದಾಖಲೆ ಕ್ಷಣಕ್ಷಣಕ್ಕೂ ತಾನಾಗಿಯೇ ಸಿದ್ಧವಾಗುತ್ತದೆ. ನಮ್ಮ ಸಮಾಜದ ಅನೇಕ ಕುಟುಂಬಗಳು ವ್ಯಾಪಾರವೃತ್ತಿಯವು. ಬಸದಿಗಳ ಧರ್ಮದರ್ಶಿ ಮಂಡಳಿಗಳೂ ಪೂಜೆ, ವಸತಿ, ದಾನಗಳಿಗಾಗಿ ಜಾಲತಾಣಗಳನ್ನು ನಡೆಸುತ್ತಿವೆ. ಆದುದರಿಂದ ಬಂದವರನ್ನು ಅರಿಯುವ ಈ ವಿದ್ಯೆ ಎಲ್ಲಿಂದ ಬಂದಿತು, ಅದರಿಂದ ನಿಜವಾಗಿ ಏನು ತಿಳಿಯುತ್ತದೆ, ಎಷ್ಟನ್ನು ತಿಳಿಯುವುದು ನ್ಯಾಯ ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಬಂಡೆಯ ಮೇಲೆ ಬಂದವರ ಹೆಸರು

ಬಂದವರ ದಾಖಲೆಗಳಲ್ಲಿ ಕನ್ನಡ ನಾಡಿನಲ್ಲಿ ಅತ್ಯಂತ ದೀರ್ಘಕಾಲದ್ದನ್ನು ನೋಡಬೇಕಾದರೆ ಶ್ರವಣಬೆಳಗೊಳಕ್ಕೆ ಹೋಗಬೇಕು. ಅಲ್ಲಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144 ಆಗಿತ್ತು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಆವೃತ್ತಿಯಲ್ಲಿ ಅದು 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1973ರಲ್ಲಿ ಹೊರತಂದ ಸಂಪುಟದಲ್ಲಿ 573 ಆಯಿತು. ಇವುಗಳಲ್ಲಿ ರಾಜರ ದತ್ತಿಗಳಿವೆ, ಮುನಿಗಳ ಸಮಾಧಿಮರಣದ ಸ್ಮಾರಕಗಳಿವೆ. ಅವುಗಳ ನಡುವೆ ದೊಡ್ಡ ಸಂಖ್ಯೆಯಲ್ಲಿ ಯಾತ್ರಿಕರ ಹೆಸರುಗಳೂ ಇವೆ. ಚಿಕ್ಕಬೆಟ್ಟದ ಬಂಡೆಯ ಮೇಲೆ ರನ್ನಕವಿಯದೇ ಎಂದು ವಿದ್ವಾಂಸರು ಭಾವಿಸುವ ಕಿರುಬರಹವಿದೆ. ಉತ್ತರ ಭಾರತದಿಂದ ಬಂದ ಯಾತ್ರಿಕರು ನಾಗರಿ ಲಿಪಿಯಲ್ಲಿಯೂ, ಸ್ವರಚಿಹ್ನೆಗಳನ್ನು ಬಿಟ್ಟು ಬರೆಯುವ ವ್ಯಾಪಾರಿಗಳ ಮಹಾಜನೀ ಲಿಪಿಯಲ್ಲಿಯೂ ತಮ್ಮ ಬರವನ್ನು ದಾಖಲಿಸಿದ್ದಾರೆ. ಯಾವ ಕಾಲದಲ್ಲಿ ಯಾವ ದೇಶದವರು ಬೆಳಗೊಳಕ್ಕೆ ಬಂದರೆಂಬುದನ್ನು ಇತಿಹಾಸಕಾರರು ಇವುಗಳಿಂದಲೇ ನಿರ್ಣಯಿಸಿದ್ದಾರೆ.

ಈ ದಾಖಲೆಯ ಒಂದು ಗುಣವನ್ನು ಇಲ್ಲಿಯೇ ಗುರುತಿಸಿಕೊಳ್ಳಬೇಕು. ಬಂಡೆಯ ಮೇಲೆ ಹೆಸರು ಬರೆಯಿಸಿದವನು ತಾನೇ ಇಚ್ಛಿಸಿ ಬರೆಯಿಸಿದನು. ಊರನ್ನು ಹೇಳಬೇಕೆನಿಸಿದವನು ಹೇಳಿದನು, ಹೆಸರನ್ನಷ್ಟೇ ಸಾಕೆಂದವನು ಅಷ್ಟಕ್ಕೇ ನಿಲ್ಲಿಸಿದನು. ಏನನ್ನೂ ಬರೆಯಿಸದೆ ಬಂದು, ವಂದಿಸಿ, ಹಿಂದಿರುಗಿದವರು ಇವರಿಗಿಂತ ಎಷ್ಟೋ ಪಾಲು ಹೆಚ್ಚು. ಅವರ ಭಕ್ತಿಗೆ ದಾಖಲೆಯ ಅಗತ್ಯವಿರಲಿಲ್ಲ. ಬಂಡೆಯು ಯಾರನ್ನೂ ಹೆಸರು ಕೇಳಲಿಲ್ಲ.

ಸುಂಕದ ಕಟ್ಟೆ ಮತ್ತು ಪೇಟೆ

ಎರಡನೆಯ ಬಗೆಯ ಲೆಕ್ಕ ವ್ಯಾಪಾರದ ದಾರಿಗಳಲ್ಲಿ ಬೆಳೆಯಿತು. ಅಯ್ಯಾವೊಳೆಯ ಐನೂರ್ವರು, ನಖರಗಳು ಮುಂತಾದ ವರ್ತಕಸಂಘಗಳ ಶಾಸನಗಳನ್ನು ಓದಿದರೆ ಅವರು ದೇವಾಲಯಗಳಿಗೂ ಬಸದಿಗಳಿಗೂ ಬಿಟ್ಟ ದತ್ತಿಗಳು ಹೆಚ್ಚಾಗಿ ಸರಕಿನ ಹೇರಿನ ಲೆಕ್ಕದಲ್ಲಿರುವುದು ಕಾಣುತ್ತದೆ. ಅಡಿಕೆಯ ಹೇರಿಗೆ ಇಷ್ಟು, ಎಲೆಯ ಹೇರಿಗೆ ಇಷ್ಟು, ಮೆಣಸಿನ ಹೇರಿಗೆ ಇಷ್ಟು ಎಂಬುದು ಅವುಗಳ ಕ್ರಮ. ಶ್ರವಣಬೆಳಗೊಳದಲ್ಲಿಯೇ ಹೊಯ್ಸಳ ವೀರಬಲ್ಲಾಳನ ಮಂತ್ರಿ ನಾಗದೇವನು 1195ರಲ್ಲಿ ಕಟ್ಟಿಸಿದ ನಗರ ಜಿನಾಲಯಕ್ಕೆ ಅಲ್ಲಿನ ವರ್ತಕರು ರಕ್ಷಕರಾಗಿದ್ದರು. ಇಂಥ ವ್ಯವಸ್ಥೆಯಲ್ಲಿ ದಾರಿಯ ಕಟ್ಟೆಯಲ್ಲಿ ಕುಳಿತವನು ಎತ್ತುಗಳನ್ನು ಎಣಿಸಿದನು, ಹೇರನ್ನು ನೋಡಿದನು, ಸಲ್ಲಬೇಕಾದುದನ್ನು ಪಡೆದನು. ಎತ್ತಿನ ಹಿಂದೆ ನಡೆದು ಬಂದವನು ಯಾವ ಊರಿನಲ್ಲಿ ಯಾರ ಮನೆಯಲ್ಲಿ ತಂಗಿದ್ದನೆಂಬುದು ಆ ಲೆಕ್ಕಕ್ಕೆ ಬೇಕಾಗಿರಲಿಲ್ಲ.

ನಮ್ಮ ಮಧ್ಯ ಕರ್ನಾಟಕದ ಪೇಟೆಗಳೂ ಇದೇ ಪರಂಪರೆಯವು. ತುಂಗಭದ್ರೆಯ ದಡದ ಹರಿಹರದಲ್ಲಿ 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ದಾವಣಗೆರೆ ಪೇಟೆಯಾಗಿ ಬೆಳೆದುದು ಬಹಳ ಈಚೆಗೆ. ಹೈದರಾಲಿಯು ಅದನ್ನು ಆಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ವರ್ತಕರು ಬಂದು ನೆಲೆಸುವಂತೆ ಆಪೋಜಿರಾಮನು ಪ್ರೋತ್ಸಾಹಿಸಿದನೆಂದು ಗೆಜೆಟಿಯರ್ ಹೇಳುತ್ತದೆ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಹಾದುಹೋದಾಗ ಇಲ್ಲಿನ ಕಂಬಳಿಯ ಉದ್ಯಮವನ್ನೂ ವ್ಯಾಪಾರವನ್ನೂ ಗುರುತಿಸಿದನು. ಇನ್ನು ಮಾಯಕೊಂಡದ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳು 1748ರ ಯುದ್ಧದಿಂದ ಬಲ್ಲರು. ಚಿತ್ರದುರ್ಗದ ಹಿರೇ ಮದಕರಿನಾಯಕನು ಮಡಿದದ್ದು ಆ ಬಯಲಿನಲ್ಲಿ. ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಈ ಊರು 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಅದಕ್ಕೆ ಸೇರಿತು.

ಮಾಯಕೊಂಡದಲ್ಲಿ ಒಂದು ರೈಲು ನಿಲ್ದಾಣವಿದೆ. ಅಲ್ಲಿನ ಟಿಕೆಟ್ ಕಿಟಕಿಯು ನಮ್ಮ ವಿಷಯಕ್ಕೆ ಒಳ್ಳೆಯ ದೃಷ್ಟಾಂತ. ಕಾದಿರಿಸದ ಟಿಕೆಟನ್ನು ಕೊಡುವ ಗುಮಾಸ್ತನಿಗೆ ದಾವಣಗೆರೆಗೆ ಎಷ್ಟು ಜನ ಹೋದರು, ಚಿಕ್ಕಜಾಜೂರಿಗೆ ಎಷ್ಟು ಜನ ಹೋದರು, ಬೆಳಗಿನ ಗಾಡಿಗೆ ಎಷ್ಟು, ಸಂಜೆಯ ಗಾಡಿಗೆ ಎಷ್ಟು ಎಂಬುದೆಲ್ಲ ತಿಳಿಯುತ್ತದೆ. ಗಾಡಿಗೆ ಇನ್ನೊಂದು ಬೋಗಿ ಬೇಕೆ ಎಂಬುದನ್ನು ನಿರ್ಣಯಿಸಲು ಇಷ್ಟು ಸಾಕು. ಪ್ರಯಾಣಿಕನು ಯಾರು, ಏತಕ್ಕೆ ಹೋದನು ಎಂಬುದನ್ನು ಅವನು ಕೇಳುವುದಿಲ್ಲ. ಕೇಳದಿರುವುದರಿಂದ ರೈಲ್ವೆಗೆ ಯಾವ ನಷ್ಟವೂ ಆಗುವುದಿಲ್ಲ. ಹೆಸರಿಲ್ಲದ ಎಣಿಕೆಯಿಂದಲೂ ಸೇವೆಯನ್ನು ಉತ್ತಮಪಡಿಸಬಹುದೆಂಬುದಕ್ಕೆ ಇದು ಸಾಕ್ಷಿ.

ಕಿರ್ದಿ, ಖಾತೆ, ಕಡತ

ಮೂರನೆಯ ಬಗೆ ಅಂಗಡಿಯ ಒಳಗಿನದು. ದಿನದ ವ್ಯವಹಾರ ಕಿರ್ದಿಗೆ ಏರುತ್ತಿತ್ತು. ಉದ್ರಿ ಒಯ್ದವರ ಹೆಸರು ಖಾತೆಗೆ ಬೀಳುತ್ತಿತ್ತು. ಕಾಗದ ಸುಲಭವಾಗಿ ದೊರೆಯುವುದಕ್ಕೆ ಮೊದಲು ಕನ್ನಡ ನಾಡಿನ ವರ್ತಕರೂ ಶಾನುಭೋಗರೂ ಲೆಕ್ಕವನ್ನು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಲೇಪಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ ಮಾಡಿದ ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಈಗ ಸರ್ಕಾರಿ ಕಛೇರಿಗಳಲ್ಲಿ ನಾವು ಕಡತವೆಂದು ಕರೆಯುವ ಕಾಗದಪತ್ರಗಳ ಕಟ್ಟಿಗೆ ಹೆಸರು ಬಂದುದು ಇದರಿಂದಲೇ. ಜೋಪಾನ ಮಾಡಿದರೆ ಕಡತವು ಬಹುಕಾಲ ಉಳಿಯುತ್ತಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರಗಳಾಗಿವೆ. ಆದರೆ ಬೇಡವಾದಾಗ ಬರೆದುದನ್ನು ಒರೆಸಿ, ಮತ್ತೆ ಲೇಪಿಸಿ, ಹೊಸದಾಗಿ ಬರೆಯಲೂ ಬರುತ್ತಿತ್ತು. ಸಾಲವು ಚುಕ್ತಾ ಆದ ಮೇಲೆ ಸಾಲಗಾರನ ಹೆಸರನ್ನು ಅಳಿಸಬಹುದಾಗಿತ್ತು.

ಕಿರ್ದಿಯಲ್ಲಾಗಲಿ ಕಡತದಲ್ಲಾಗಲಿ ಬರೆಯಲ್ಪಟ್ಟದ್ದು ಕೊಂಡವರ ಹೆಸರು ಮಾತ್ರ. ಮಗಳ ಮದುವೆಗೆಂದು ಬಂದು, ಸೀರೆಯ ಬೆಲೆಯನ್ನು ಕೇಳಿ, ಕೈಯಲ್ಲಿದ್ದ ಹಣವನ್ನು ನೆನೆದು, ‘ಆಮೇಲೆ ಬರುತ್ತೇವೆ’ ಎಂದು ಹಿಂದಿರುಗಿದ ತಂದೆಯ ಹೆಸರನ್ನು ಯಾವ ವರ್ತಕನೂ ಬರೆಯಲಿಲ್ಲ. ನೋಡಿದವನು ನೆನಪಿಟ್ಟುಕೊಂಡಿದ್ದರೂ ಆ ನೆನಪು ದೀಪ ಹಚ್ಚುವ ಹೊತ್ತಿಗೆ ಮಾಸಿಹೋಗುತ್ತಿತ್ತು. ಬಂದು ನೋಡಿ ಬರಿಗೈಯಲ್ಲಿ ಹೋಗುವ ಸ್ವಾತಂತ್ರ್ಯ, ಆ ಬರಿಗೈಯನ್ನು ಯಾರೂ ಬರೆದಿಡುವುದಿಲ್ಲವೆಂಬ ಭರವಸೆ ಹಳೆಯ ಪೇಟೆಯ ಅಲಿಖಿತ ನಿಯಮವಾಗಿತ್ತು. ಹೊಸ ದಾಖಲೆಯು ಈ ನಿಯಮವನ್ನೇ ಬದಲಿಸಿದೆ.

ಜಾಲತಾಣದ ದಿನವಹಿ

ಜಾಗತಿಕ ಜಾಲದ ಕಲ್ಪನೆಯನ್ನು ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ 1989ರಲ್ಲಿ ಮಂಡಿಸಿದರು. ಭಾರತದ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ದೊರೆತುದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಜಾಲತಾಣದ ಪುಟಗಳನ್ನು ಇರಿಸಿಕೊಂಡು, ಕೇಳಿದವರಿಗೆ ಒದಗಿಸುವ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಒಂದೊಂದು ಪುಟವನ್ನು ಒದಗಿಸಿದಾಗಲೂ ಈ ಯಂತ್ರವು ಒಂದು ಸಾಲನ್ನು ಬರೆದುಕೊಳ್ಳುತ್ತದೆ: ಕೇಳಿದ ಯಂತ್ರದ ಅಂಕಿಯ ವಿಳಾಸ, ದಿನಾಂಕ ಮತ್ತು ವೇಳೆ, ಕೇಳಿದ ಪುಟ, ಆ ಪುಟ ದೊರೆಯಿತೇ ಇಲ್ಲವೇ, ಎಷ್ಟು ಗಾತ್ರದ್ದು. ಮುಂದೆ ಇದಕ್ಕೆ ಇನ್ನೆರಡು ಅಂಶಗಳು ಸೇರಿದವು: ಯಾವ ಪುಟದಿಂದ ಇಲ್ಲಿಗೆ ಬಂದರು, ಯಾವ ಬಗೆಯ ಮೊಬೈಲ್ ಅಥವಾ ಕಂಪ್ಯೂಟರಿನಿಂದ ನೋಡಿದರು. ಇದೇ ಸರ್ವರಿನ ಲಾಗ್, ಜಾಲತಾಣದ ದಿನವಹಿ. ಯಂತ್ರವು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಹುಟ್ಟಿದ ಈ ದಿನವಹಿಯು ಬೇಗನೆ ಬಂದವರನ್ನು ಎಣಿಸುವ ಸಾಧನವಾಯಿತು.

ಆದರೆ ಸರ್ವರಿಗೆ ನೆನಪಿಲ್ಲ. ಒಂದು ಪುಟವನ್ನು ನೋಡಿ ಇನ್ನೊಂದನ್ನು ಕೇಳಿದವನು ಮೊದಲಿನವನೇ ಎಂಬುದು ಅದಕ್ಕೆ ತಿಳಿಯದು. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಎಂಬ ತಂತ್ರಜ್ಞರು ಇದಕ್ಕೊಂದು ಉಪಾಯವನ್ನು ಕಂಡುಹಿಡಿದರು. ಅದಕ್ಕೆ ಕುಕಿ ಎಂದು ಹೆಸರು. ದೇವಸ್ಥಾನದ ಬಾಗಿಲಲ್ಲಿ ಪಾದರಕ್ಷೆಗಳನ್ನು ಬಿಟ್ಟಾಗ ಕೊಡುವ ಬಿಲ್ಲೆಯಂತೆ ಅದು. ಬಿಲ್ಲೆಯ ಮೇಲೆ ಅಂಕಿಯಿರುತ್ತದೆ, ಹೆಸರಿರುವುದಿಲ್ಲ. ಹಿಂದಿರುಗಿ ಬಂದು ಬಿಲ್ಲೆಯನ್ನು ತೋರಿಸಿದರೆ ನಿಮ್ಮ ಪಾದರಕ್ಷೆ ನಿಮಗೆ. ಗ್ರಾಹಕನು ಆರಿಸಿಟ್ಟ ಸರಕನ್ನು ಅಂಗಡಿಯ ತಾಣವು ನೆನಪಿಟ್ಟುಕೊಳ್ಳಲಿ ಎಂಬುದೇ ಅದರ ಮೂಲೋದ್ದೇಶ. ಅದರಲ್ಲಿ ದೋಷವೇನೂ ಇರಲಿಲ್ಲ. ಮುಂದೆ ಜಾಹೀರಾತಿನ ಸಂಸ್ಥೆಗಳು ಸಾವಿರಾರು ಅಂಗಡಿಗಳ ಬಾಗಿಲಲ್ಲಿ ಒಂದೇ ಬಿಲ್ಲೆಯನ್ನು ಓದುವ ಏರ್ಪಾಟನ್ನು ಮಾಡಿಕೊಂಡವು. ಆಗ ಬಿಲ್ಲೆಯ ಮೇಲೆ ಹೆಸರಿಲ್ಲದಿದ್ದರೂ ಅದನ್ನು ಹಿಡಿದವನು ಎಲ್ಲೆಲ್ಲಿ ಸುತ್ತಿದನೆಂಬುದು ತಿಳಿಯತೊಡಗಿತು; ಯಾವುದಾದರೂ ಒಂದು ಅಂಗಡಿಯಲ್ಲಿ ಅವನು ಹೆಸರನ್ನು ಹೇಳಿದರೆ ಹಿಂದಿನ ದಾರಿಯೆಲ್ಲವೂ ಆ ಹೆಸರಿಗೆ ಅಂಟಿಕೊಳ್ಳುವ ಸಂಭವ ಉಂಟಾಯಿತು.

2005ರಲ್ಲಿ ಗೂಗಲ್ ಸಂಸ್ಥೆಯು ಅರ್ಚಿನ್ ಎಂಬ ಕಂಪನಿಯನ್ನು ಕೊಂಡು, ಅದೇ ವರ್ಷದ ನವೆಂಬರಿನಲ್ಲಿ ಗೂಗಲ್ ಅನಾಲಿಟಿಕ್ಸ್ ಎಂಬ ಸೇವೆಯನ್ನು ಉಚಿತವಾಗಿ ಒದಗಿಸತೊಡಗಿತು. ಅದುವರೆಗೆ ದೊಡ್ಡ ಸಂಸ್ಥೆಗಳಿಗೆ ಮಾತ್ರ ನಿಲುಕುತ್ತಿದ್ದ ವಿವರಗಳು ಸಣ್ಣ ವ್ಯಾಪಾರಿಗೂ ಕೈಗೆಟುಕಿದವು. ಇದು ದೊಡ್ಡ ಉಪಕಾರವೇ ಸರಿ. ಆದರೆ ಇಲ್ಲಿ ಕಿರ್ದಿಯನ್ನು ಬರೆಯುವವನು ಅಂಗಡಿಯವನಲ್ಲ. ಕಿರ್ದಿಯು ಇರುವುದೂ ಅಂಗಡಿಯಲ್ಲಲ್ಲ. ಬರೆಯುವ ಸಂಸ್ಥೆಯ ಮುಖ್ಯ ಆದಾಯವೋ ಜಾಹೀರಾತಿನದು. ಇದನ್ನು ಅರಿತು ಬಳಸುವುದು ಬೇರೆ, ಅರಿಯದೆ ಬಳಸುವುದು ಬೇರೆ. ದಾಖಲೆಯನ್ನು ತಮ್ಮ ಬಳಿಯೇ ಇರಿಸಿಕೊಳ್ಳಲು ಬಯಸುವವರಿಗೆ 2007ರಲ್ಲಿ ಪಿವಿಕ್ ಎಂಬ ಹೆಸರಿನಿಂದ ಆರಂಭವಾಗಿ ಈಗ ಮಟೊಮೊ ಎನಿಸಿಕೊಂಡಿರುವಂಥ ತಂತ್ರಾಂಶಗಳೂ ಇವೆ.

ಎಣಿಕೆಯು ಹೇಳುವುದು, ಹೇಳದಿರುವುದು

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮಾಯಕೊಂಡದಲ್ಲಿ ಕೃಷಿ ಸಲಕರಣೆಗಳ ಒಂದು ಸಣ್ಣ ಅಂಗಡಿಯಿದೆ. ಹನಿ ನೀರಾವರಿಯ ಪೈಪು, ಪಂಪು, ಮೆಕ್ಕೆಜೋಳ ಬಿಡಿಸುವ ಯಂತ್ರ, ಅಡಿಕೆ ಸುಲಿಯುವ ಯಂತ್ರ ಇವುಗಳ ವ್ಯಾಪಾರ. ಯಜಮಾನರು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಜಾಲತಾಣವನ್ನು ಮಾಡಿಸಿದ್ದಾರೆ. ತಿಂಗಳ ಕೊನೆಯಲ್ಲಿ ವರದಿಯನ್ನು ತೆರೆದು ನೋಡಿದರೆ 1000 ಭೇಟಿಗಳೆಂದಿದೆ. ಬಂದವರಲ್ಲಿ ಹೆಚ್ಚಿನವರು ಬೆಂಗಳೂರಿನವರು, ಭಾಷೆ ಇಂಗ್ಲಿಷ್ ಎಂದಿದೆ. ಮಾಯಕೊಂಡದ ಹೆಸರೇ ಇಲ್ಲ. ಯಜಮಾನರು ‘ನಮ್ಮ ರೈತರು ಇದನ್ನು ನೋಡುವುದೇ ಇಲ್ಲ’ ಎಂದು ನಿಶ್ಚಯಿಸಿ ಕನ್ನಡದ ಪುಟಗಳನ್ನು ತೆಗೆದುಹಾಕಿದರೆಂದು ಭಾವಿಸೋಣ. ಅವರು ಮಾಡಿದ್ದು ಸರಿಯೇ?

ಮೊದಲನೆಯದಾಗಿ, ಸಾವಿರ ಭೇಟಿಗಳೆಂದರೆ ಸಾವಿರ ಜನರಲ್ಲ. ಹುಡುಕುತಾಣಗಳ ಯಂತ್ರಗಳು ಹಗಲಿರುಳೂ ಪುಟಗಳನ್ನು ಓದುತ್ತಾ ಸಂಚರಿಸುತ್ತವೆ. ಸರ್ವರಿನ ದಿನವಹಿಯಲ್ಲಿ ಅವುಗಳೂ ಸೇರಿರುತ್ತವೆ. ಅನಾಲಿಟಿಕ್ಸಿನಂಥ ಸೇವೆಗಳು ಪರಿಚಿತ ಯಂತ್ರಗಳನ್ನು ಸೋಸಿ ತೆಗೆದರೂ ಎಲ್ಲವನ್ನೂ ತೆಗೆಯಲಾರವು. ಅಂಗಡಿಯ ಹುಡುಗರು ಬೆಲೆಯನ್ನು ನೋಡಲು ತೆರೆದದ್ದೂ ಲೆಕ್ಕಕ್ಕೆ ಸೇರಿರಬಹುದು. ಒಬ್ಬನೇ ಮೊಬೈಲಿನಲ್ಲಿ ಒಮ್ಮೆ, ಕಂಪ್ಯೂಟರಿನಲ್ಲಿ ಒಮ್ಮೆ ನೋಡಿದರೆ ಇಬ್ಬರಾಗುತ್ತಾನೆ. ಒಂದೇ ಮನೆಯ ಮೊಬೈಲಿನಲ್ಲಿ ತಂದೆ ಮತ್ತು ಮಗ ನೋಡಿದರೆ ಇಬ್ಬರೂ ಸೇರಿ ಒಬ್ಬನಾಗುತ್ತಾರೆ.

ಎರಡನೆಯದಾಗಿ, ಊರಿನ ಹೆಸರು ಊಹೆಯದು. ಮೊಬೈಲಿನಿಂದ ನೋಡುವವರ ಅಂಕಿಯ ವಿಳಾಸವು ದೂರವಾಣಿ ಕಂಪನಿಯದಾಗಿರುತ್ತದೆ. ಕಂಪನಿಯು ದೊಡ್ಡ ನಗರದ ಕೇಂದ್ರದ ಮೂಲಕ ಸಾವಿರಾರು ಗ್ರಾಹಕರನ್ನು ಅಂತರ್ಜಾಲಕ್ಕೆ ಸೇರಿಸುತ್ತದೆ. ಮಾಯಕೊಂಡದ ಹೊಲದ ಬದುವಿನಲ್ಲಿ ಕುಳಿತು ನೋಡಿದ ರೈತನು ವರದಿಯಲ್ಲಿ ಬೆಂಗಳೂರಿನವನಾಗಿ ಕಾಣಿಸಿಕೊಳ್ಳುವುದು ಹೀಗೆ. ಮೂರನೆಯದಾಗಿ, ವರದಿಯು ಹೇಳುವ ಭಾಷೆ ಮೊಬೈಲಿನ ವ್ಯವಸ್ಥೆಯ ಭಾಷೆ. ಕನ್ನಡವನ್ನೇ ಓದುವ ಎಷ್ಟೋ ಮಂದಿಯ ಮೊಬೈಲು ಅಂಗಡಿಯಿಂದ ಬಂದ ದಿನದಂತೆಯೇ ಇಂಗ್ಲಿಷಿನಲ್ಲಿ ಉಳಿದಿರುತ್ತದೆ. ಹೀಗೆ ತಮ್ಮ ಬಾಗಿಲಲ್ಲಿ ನಿಂತ ರೈತನನ್ನು ವರದಿಯನ್ನು ನಂಬಿ ಯಜಮಾನರು ಹೊರಗೆ ಕಳುಹಿಸಿದಂತಾಯಿತು. ಅಂಕಿಗಳನ್ನು ಅರ್ಥಮಾಡಿಕೊಳ್ಳದೆ ನಂಬಿದುದರ ಫಲವಿದು. ಇದರಿಂದ ಆಗುವ ನಷ್ಟವು ವ್ಯಾಪಾರಿಗೂ ಉಂಟು, ರೈತನಿಗೂ ಉಂಟು.

ಹಾಗಾದರೆ ಎಣಿಕೆಯಿಂದ ಪ್ರಯೋಜನವೇ ಇಲ್ಲವೆ? ಉಂಟು, ಧಾರಾಳವಾಗಿ ಉಂಟು. ಕನ್ನಡದ ಪುಟಗಳನ್ನು ಎಷ್ಟು ಬಾರಿ ತೆರೆದರೆಂಬುದನ್ನು ಇಂಗ್ಲಿಷ್ ಪುಟಗಳೊಡನೆ ಹೋಲಿಸಿದರೆ ಓದುವ ಭಾಷೆ ಯಾವುದೆಂಬುದು ನೇರವಾಗಿ ತಿಳಿಯುತ್ತದೆ. ಅಡಿಕೆ ಸುಲಿಯುವ ಯಂತ್ರದ ಪುಟವನ್ನು ಕೊಯ್ಲಿಗೆ ಒಂದು ತಿಂಗಳು ಮೊದಲೇ ನೋಡುತ್ತಾರೆಂದಾದರೆ ಸರಕನ್ನು ಆಗಲೇ ತರಿಸಬಹುದು. ಇಲ್ಲದ ಪುಟವನ್ನು ಕೇಳಿದವರ ಸಾಲುಗಳನ್ನೂ ದಿನವಹಿ ಬೇರೆಯಾಗಿ ತೋರಿಸುತ್ತದೆ. ಇಲ್ಲದ ಸರಕನ್ನು ಕೇಳಿ ಹೋದ ಗಿರಾಕಿಯನ್ನು ನೆನಪಿಟ್ಟುಕೊಂಡಂತೆಯೇ ಅದು. ದೂರವಾಣಿ ಸಂಖ್ಯೆಯಿರುವ ಪುಟವನ್ನು ಬಹಳ ಜನ ತೆರೆದರೂ ಕರೆಗಳು ಬಾರದಿದ್ದರೆ ಸಂಖ್ಯೆಯೇ ತಪ್ಪಾಗಿ ಅಚ್ಚಾಗಿರಬಹುದು. ಈ ಯಾವ ಪ್ರಶ್ನೆಗೂ ಬಂದವನ ಹೆಸರು ಬೇಕಾಗಿಲ್ಲವೆಂಬುದು ಗಮನಾರ್ಹ. ಇನ್ನೂ ಹೆಚ್ಚಿನದು ತಿಳಿಯಬೇಕೆಂದರೆ ಗಲ್ಲೆಯ ಮುಂದೆ ನಿಂತವರನ್ನು ‘ನಮ್ಮ ಅಂಗಡಿಯ ವಿಷಯ ತಮಗೆ ಹೇಗೆ ತಿಳಿಯಿತು?’ ಎಂದು ಕೇಳಿದರಾಯಿತು. ಇಷ್ಟವಿದ್ದವರು ಹೇಳುತ್ತಾರೆ. ಬೆಳಗೊಳದ ಬಂಡೆಯ ಕ್ರಮವೂ ಅದೇ ಆಗಿತ್ತು.

ಶಾಸನದ ಮಾತು

ಈ ವಿಷಯದಲ್ಲಿ ನಮ್ಮ ದೇಶದ ಕಾನೂನು ರೂಪುಗೊಂಡ ಬಗೆಯೂ ಕನ್ನಡಿಗರಿಗೆ ಆಸಕ್ತಿಯದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯ ಸಂಬಂಧದಲ್ಲಿ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಅದರ ಮುಂದಿನ ಹೆಜ್ಜೆಯಾಗಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಅಧಿನಿಯಮವು 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತವನ್ನು ಪಡೆಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವ ಏರ್ಪಾಟಾಗಿದೆ. ವ್ಯಕ್ತಿಯ ವಿವರಗಳನ್ನು ಸಮ್ಮತಿಯ ಮೇರೆಗೆ ಪಡೆಯುವಾಗ ಆ ಸಮ್ಮತಿಯು ಮುಕ್ತವೂ ನಿರ್ದಿಷ್ಟವೂ ತಿಳಿದು ಕೊಟ್ಟದ್ದೂ ಆಗಿರಬೇಕು. ಯಾವ ಉದ್ದೇಶಕ್ಕೆಂಬ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲೊಂದಾದ ಕನ್ನಡದಲ್ಲಾಗಲಿ ಓದುವ ಅವಕಾಶವಿರಬೇಕು. ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನಿಗಾಗಿ ಇರಿಸಿಕೊಳ್ಳಬೇಕಾದುದನ್ನು ಬಿಟ್ಟು, ಅವನ್ನು ಅಳಿಸಬೇಕು ಎಂಬುದು ಅದರ ಸಾರ. ಚುಕ್ತಾ ಆದ ಲೆಕ್ಕವನ್ನು ಒರೆಸುವ ಕಡತದ ಕ್ರಮವನ್ನೇ ಕಾನೂನು ಹೊಸ ಮಾತುಗಳಲ್ಲಿ ಹೇಳಿದಂತಿದೆ.

ಶ್ರಾವಕನ ವ್ಯವಹಾರ

ಕಾನೂನು ಹೇಳಿದುದಷ್ಟನ್ನೇ ಮಾಡಿ ಸುಮ್ಮನಾಗುವುದು ಶ್ರಾವಕನಿಗೆ ಸಾಲದು. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳನ್ನು ಎಣಿಸಲಾಗಿದೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನಾಲ್ಕು ನಮ್ಮ ವಿಷಯಕ್ಕೆ ನೇರವಾಗಿ ತಗಲುತ್ತವೆ. ರಹೋಭ್ಯಾಖ್ಯಾನವೆಂದರೆ ಏಕಾಂತದ ಸಂಗತಿಯನ್ನು ಬಯಲುಮಾಡುವುದು. ಕೂಟಲೇಖಕ್ರಿಯೆಯೆಂದರೆ ಸುಳ್ಳು ಬರಹವನ್ನು ಸಿದ್ಧಪಡಿಸುವುದು. ನ್ಯಾಸಾಪಹಾರವೆಂದರೆ ನಂಬಿ ಇರಿಸಿದುದನ್ನು ಕಬಳಿಸುವುದು. ಸಾಕಾರಮಂತ್ರಭೇದವೆಂದರೆ ಮುಖಭಾವ, ಅಂಗಚೇಷ್ಟೆ ಮೊದಲಾದ ಹೊರಗಿನ ಚಿಹ್ನೆಗಳಿಂದ ಒಬ್ಬನ ಮನದ ಅಭಿಪ್ರಾಯವನ್ನು ಊಹಿಸಿ, ಅದನ್ನು ಇತರರಿಗೆ ತಿಳಿಸಿಬಿಡುವುದು. ಯಾವ ಪುಟವನ್ನು ಎಷ್ಟು ಹೊತ್ತು ನೋಡಿದನು, ಎಲ್ಲಿ ತಡೆದು ನಿಂತನು, ಎಲ್ಲಿಂದ ಹಿಂದಿರುಗಿದನು ಎಂಬ ಚಿಹ್ನೆಗಳಿಂದ ಒಬ್ಬನ ಅಗತ್ಯವನ್ನೂ ಸಂಕಟವನ್ನೂ ಊಹಿಸಿ ಜಾಹೀರಾತುದಾರರಿಗೆ ಒದಗಿಸುವ ಇಂದಿನ ವ್ಯವಹಾರಕ್ಕೆ ಈ ಕೊನೆಯ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತದೆಂಬುದನ್ನು ವಾಚಕರೇ ವಿಚಾರಿಸಬೇಕು.

ಕೂಟಲೇಖಕ್ಕೂ ಉದಾಹರಣೆ ಉಂಟು. 1990ರ ದಶಕದ ಜಾಲತಾಣಗಳ ಕೆಳಗೆ ಬಂದವರ ಸಂಖ್ಯೆಯನ್ನು ತೋರಿಸುವ ಪಟ್ಟಿಯಿರುತ್ತಿತ್ತು. ಅದನ್ನು ಸೊನ್ನೆಯ ಬದಲು ಯಾವ ಸಂಖ್ಯೆಯಿಂದ ಬೇಕಾದರೂ ಆರಂಭಿಸಬಹುದಾಗಿತ್ತು. ಇಂದು ಹಣ ಕೊಟ್ಟು ಯಂತ್ರಗಳಿಂದ ಭೇಟಿಗಳನ್ನು ಹೆಚ್ಚಿಸಿಕೊಳ್ಳುವವರು ಮಾಡುತ್ತಿರುವುದೂ ಅದನ್ನೇ. ಇನ್ನು ಅಚೌರ್ಯವ್ರತದ ದೃಷ್ಟಿಯಿಂದ ನೋಡಿದರೆ, ಕೊಡದೆ ಇರುವುದನ್ನು ತೆಗೆದುಕೊಳ್ಳುವುದೇ ಕಳವು. ಒಡವೆ ಕೊಳ್ಳಲು ಬಂದವನು ಹಣವನ್ನು ಕೊಟ್ಟನು, ಬಿಲ್ಲಿಗಾಗಿ ಹೆಸರನ್ನು ಕೊಟ್ಟನು. ಅವನು ಎಲ್ಲೆಲ್ಲಿ ತಿರುಗಾಡಿದನೆಂಬ ಮಾಹಿತಿಯನ್ನು ಅವನು ಕೊಟ್ಟನೇ?

ಇದಕ್ಕೆ ಒಂದು ಸಮಾಧಾನವನ್ನು ಹೇಳುವವರುಂಟು: ‘ನಾವು ಸಣ್ಣ ವ್ಯಾಪಾರಿಗಳು, ಎಲ್ಲರೂ ಮಾಡುವುದನ್ನು ನಾವೂ ಮಾಡುತ್ತೇವೆ, ಮಾಡದಿದ್ದರೆ ಪೈಪೋಟಿಯಲ್ಲಿ ಹಿಂದೆ ಬೀಳುತ್ತೇವೆ.’ ಈ ಮಾತನ್ನು ತಳ್ಳಿಹಾಕಲಾಗದು. ಜೀವನೋಪಾಯದ ಪ್ರಶ್ನೆ ದೊಡ್ಡದು. ಆದರೆ ಮೇಲೆ ನೋಡಿದಂತೆ, ಸಣ್ಣ ಅಂಗಡಿಗೆ ನಿಜವಾಗಿ ಉಪಯೋಗಕ್ಕೆ ಬರುವ ತಿಳಿವಳಿಕೆಯು ಹೆಸರಿಲ್ಲದ ಎಣಿಕೆಯಿಂದಲೇ ದೊರೆಯುತ್ತದೆ. ಉಳಿದುದನ್ನು ಕೂಡಿಹಾಕುವುದು ಬಳಕೆಗೆ ಬಾರದ ಪರಿಗ್ರಹ. ಅದನ್ನು ಕಾಯುವ ಹೊಣೆ ಮಾತ್ರ ಅಂಗಡಿಯವನದಾಗುತ್ತದೆ.

ಧರ್ಮದರ್ಶಿ ಮಂಡಳಿಗಳ ಹೊಣೆ ಇನ್ನೂ ಸೂಕ್ಷ್ಮವಾದುದು. ಬಡ ವಿದ್ಯಾರ್ಥಿಗಳ ಸಹಾಯಧನದ ಪುಟವನ್ನು ರಾತ್ರಿ ಹತ್ತು ಗಂಟೆಗೆ ತೆರೆದು ನೋಡಿದ ಕುಟುಂಬವು ತನ್ನ ಕಷ್ಟವನ್ನು ಇನ್ನೂ ಯಾರಿಗೂ ಹೇಳಿಕೊಂಡಿರುವುದಿಲ್ಲ. ಸಲ್ಲೇಖನದ ವಿಷಯವನ್ನು ಓದಿದವರ ಮನೆಯಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದಿರಬಹುದು. ಗುಪ್ತದಾನವನ್ನು ನಮ್ಮ ಹಿರಿಯರು ಗೌರವಿಸಿದರು. ಕಾಣಿಕೆಯ ಹುಂಡಿಯು ಯಾರ ಹೆಸರನ್ನೂ ಕೇಳುವುದಿಲ್ಲ. ಆದರೆ ಅದೇ ಬಸದಿಯ ಜಾಲತಾಣದ ದಾನದ ಪುಟದಲ್ಲಿ ಜಾಹೀರಾತು ಸಂಸ್ಥೆಯ ಬಿಲ್ಲೆಯನ್ನು ಅಂಟಿಸಿದರೆ, ದಾನಿಯು ಮರೆಮಾಡಿದುದನ್ನು ಬಸದಿಯೇ ಹೊರಗಿನವರಿಗೆ ತಿಳಿಸಿದಂತಾಗುತ್ತದೆ. ಬಹುಪಾಲು ಮಂಡಳಿಗಳಲ್ಲಿ ಇದು ನಡೆದರೂ ದುರುದ್ದೇಶದಿಂದ ನಡೆಯುವುದಲ್ಲ. ತಾಣವನ್ನು ಮಾಡಿಕೊಟ್ಟವರು ಸೇರಿಸಿದ್ದನ್ನು ಯಾರೂ ವಿಚಾರಿಸಿರುವುದಿಲ್ಲ, ಅಷ್ಟೇ. ವಿಚಾರಿಸದಿರುವುದಕ್ಕೆ ಪ್ರಮಾದವೆಂದು ಹೆಸರು.

ಆದುದರಿಂದ ವ್ಯಾಪಾರಿಗಳೂ ಧರ್ಮದರ್ಶಿಗಳೂ ತಮ್ಮ ತಾಣವನ್ನು ನೋಡಿಕೊಳ್ಳುವವರನ್ನು ಮೂರು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಬಂದವರ ವಿಷಯದಲ್ಲಿ ಏನೇನು ದಾಖಲಾಗುತ್ತಿದೆ? ಅದು ಯಾರ ಬಳಿಗೆ ಹೋಗುತ್ತಿದೆ? ಎಷ್ಟು ಕಾಲದ ಮೇಲೆ ಅಳಿಸಲ್ಪಡುತ್ತದೆ? ಗೂಗಲ್ ಅನಾಲಿಟಿಕ್ಸಿನ ಈಗಿನ ಉಚಿತ ಸೇವೆಯಲ್ಲಿ ಒಬ್ಬೊಬ್ಬರ ವಿವರಗಳನ್ನು 2 ತಿಂಗಳ ಕಾಲ ಅಥವಾ 14 ತಿಂಗಳ ಕಾಲ ಇರಿಸಿಕೊಳ್ಳುವ ಆಯ್ಕೆಯುಂಟು. ಕಡಿಮೆಯದನ್ನು ಆರಿಸಿದರೆ ಸಣ್ಣ ಅಂಗಡಿಗೆ ಯಾವ ಕೊರತೆಯೂ ಆಗದು. ದಾನದ ಪುಟದಿಂದಲೂ ಸಹಾಯಧನದ ಪುಟದಿಂದಲೂ ಹೊರಗಿನವರ ಬಿಲ್ಲೆಗಳನ್ನು ತೆಗೆಸಲು ಅರ್ಧ ದಿನದ ಕೆಲಸವೂ ಬೇಡ. ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕವನ್ನು ಪೂಜಿಸುವ ಮನೆಗಳು ಅಂದೇ ಹಳೆಯ ದಿನವಹಿಯನ್ನು ಒರೆಸುವ ಪದ್ಧತಿಯನ್ನೂ ಇರಿಸಿಕೊಳ್ಳಬಹುದು. ಆಗ ಬಾಗಿಲಿಗೆ ಬಂದು, ನೋಡಿ, ಬರಿಗೈಯಲ್ಲಿ ಹಿಂದಿರುಗಿದವರು ಮರುವರ್ಷ ಸಂಕೋಚವಿಲ್ಲದೆ ಮತ್ತೆ ಬರುವಂತಾಗುತ್ತದೆ.